ಲೇಪದ ಸ್ಟೆಂಟು, ಏಕಾದಶಿಯ ಗುಳಿಗೆ

ಸಕಲ ಜೀವರ ಹೃದಯಗುಹೆಯಲ್ಲಿ ನಮ್ಮ ಅರಿವಿಗೆ ಬಾರದಂತೆ ದೀಪ ಹಚ್ಚಿಟ್ಟು ಕುಳಿತಿರುವ ಶ್ರೀಹರಿಗೆ ಮೊದಲ ನಮಸ್ಕಾರ. ಅವನಿತ್ತ ಬುದ್ಧಿಯಿಂದ ಕೂದಲೆಳೆಯಷ್ಟು ಸೂಕ್ಷ್ಮವಾದ ತಂತಿಯನ್ನು ಜಾಲರಿಯಾಗಿಸಿ, ಅದರ ಮೈಗೆ ಔಷಧದ ಲೇಪ ಕೊಟ್ಟ, ನಾವೆಂದೂ ಮುಖ ಕಾಣದ ಕುಶಲಿಗರಿಗೆ ಎರಡನೆಯ ನಮಸ್ಕಾರ. ಅಕ್ಷರ ಕಲಿಸಿದ ಗುರುಗಳಿಗೆ, ಅನ್ನವಿತ್ತ ಎರೆಭೂಮಿಗೆ, ಕಷ್ಟದ ಹೊತ್ತಿನಲ್ಲಿ ಕರೆಯದೆಯೂ ಬಂದು ನಿಂತವರಿಗೆ ಕೈಮುಗಿಯುತ್ತೇನೆ. ಈ ಋಣವನ್ನು ಮೊದಲು ಒಪ್ಪಿಕೊಳ್ಳದೆ ಮುಂದಿನ ಮಾತನ್ನು ಬರೆಯಲು ನನ್ನ ಕೈ ಏಳುವುದಿಲ್ಲ.

ನಾನು ಗಜೇಂದ್ರಗಡದವನು. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಕಲಿತ ಸಂಸ್ಕೃತವನ್ನೇ ಮುಂದೆ ಶಾಲೆಯಲ್ಲಿ ಕಲಿಸಿ ನಿವೃತ್ತನಾದವನು. ನನ್ನ ಅಕ್ಕನನ್ನು ರೋಣದ ಮನೆತನಕ್ಕೆ ಕೊಟ್ಟಿದೆ. ಅವಳ ಗಂಡನನ್ನು, ಅಂದರೆ ಭಾವನನ್ನು, ನಾನು ಐವತ್ತು ವರ್ಷಗಳಿಗೂ ಮಿಕ್ಕು ಹಿರಿಯಣ್ಣನಂತೆ ಕಂಡಿದ್ದೇನೆ. ಮೆಣಸಗಿಯ ಹೊಳೆಸಾಲಿನಲ್ಲಿ ಅವರ ಹಿರಿಯರ ಹೊಲವಿದೆ. ಬೆಳಗಿನ ದೇವರಪೂಜೆ, ಹಗಲು ಹೊಲದ ವಿಚಾರ, ಸಂಜೆ ಗ್ರಂಥಪಠಣ, ಇಷ್ಟೇ ಅವರ ಬದುಕು. ಅವರ ತಮ್ಮ ನರಗುಂದದಲ್ಲಿ ಕಡಲೆ, ಗೋವಿನಜೋಳಗಳ ದಲಾಲಿ ಅಂಗಡಿ ಇಟ್ಟಿದ್ದಾನೆ. ಅಣ್ಣನ ಬಾಯಿಂದ ಮಾತು ಬರುವುದು ಎಷ್ಟು ಅಪರೂಪವೋ ತಮ್ಮನ ಬಾಯಲ್ಲಿ ಮಾತು ನಿಲ್ಲುವುದು ಅಷ್ಟೇ ಅಪರೂಪ.

ಕಳೆದ ವರ್ಷದ ಭಾದ್ರಪದ. ಹಿಂದಿನ ಸಂಜೆಯಷ್ಟೇ ರೋಣಕ್ಕೆ ಬಂದು ಅಕ್ಕನ ಮನೆಯಲ್ಲಿ ಉಳಿದಿದ್ದೆ. ನವಮಿಯ ಬೆಳಗ್ಗೆ ಭಾವ ಮಡಿಯುಟ್ಟು ಹಿತ್ತಲಿನ ಬಾವಿಯಿಂದ ಪೂಜೆಯ ನೀರು ಸೇದಿ ತರುತ್ತಿದ್ದವರು, ಕೊಡವನ್ನು ಕೆಳಗಿಟ್ಟು ಬಾವಿಯ ಕಟ್ಟೆಗೆ ಒರಗಿಬಿಟ್ಟರು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

"ಏನಾತು ಭಾವ?"

"ಏನಿಲ್ಲ. ಎದಿ ಮ್ಯಾಲೆ ಯಾರೋ ಗೋಧಿ ಚೀಲ ಇಟ್ಟಂಗ ಆಗೇದ. ಇಳಸ್ತಾರ, ತಡಿ."

ಯಾರೂ ಇಳಿಸಲಿಲ್ಲ. ಊರ ವೈದ್ಯರು ಎದೆಗೆ ತಂತಿ ಅಂಟಿಸಿ ಪಟ್ಟಿ ತೆಗೆದು ನೋಡಿದರು. ನಾಲಗೆಯ ಕೆಳಗೆ ಗುಳಿಗೆ ಇಟ್ಟು, ತಡಮಾಡದೆ ಹುಬ್ಬಳ್ಳಿಗೆ ಒಯ್ಯಬೇಕೆಂದರು. ಪೂಜೆಯಾಗದೆ ಹೊರಡುವುದಿಲ್ಲವೆಂದು ಭಾವ ಹಟ ಹಿಡಿದಾಗ ಅಕ್ಕ ಸೆರಗು ಸಿಕ್ಕಿಸಿಕೊಂಡು ನಿಂತಳು. "ಆ ಚೀಲ ಇಳಿಸೋ ಹಮಾಲ ಹುಬ್ಬಳ್ಳ್ಯಾಗ ಇದ್ದಾನಂತ. ದೇವರಿಗೆ ನಾ ಹೇಳತೀನಿ. ಏಳ್ರಿ ನೀವು."

ಫೋನಿನಲ್ಲಿ ಸುದ್ದಿ ಕೇಳಿದ ಭಾವನ ತಮ್ಮ ನರಗುಂದದ ಗುಡ್ಡದ ಕೆಳಗೆ ರಸ್ತೆಗೇ ಬಂದು ನಿಂತಿದ್ದ. ನಮ್ಮ ಕಾರು ಪೂರ್ತಿ ನಿಲ್ಲುವ ಮೊದಲೇ ಬಾಗಿಲು ತೆಗೆದು ಒಳಗೆ ಬಂದ. ಅಣ್ಣನ ಮುಖದ ಬೆವರನ್ನು ತನ್ನ ಕರವಸ್ತ್ರದಿಂದ ಒರೆಸಿದ. ಸ್ವಲ್ಪ ಹೊತ್ತಿಗೆಲ್ಲ ಮೊಬೈಲು ಕಿವಿಗೆ ಹೋಯಿತು. ಹುಬ್ಬಳ್ಳಿ ಮುಟ್ಟುವುದರೊಳಗೆ, ಯಾವ ವ್ಯಾಪಾರಿಯ ಬೀಗರಿಗೆ ಹೃದಯದ ನಾಳ ತೆರೆದಿಡುವ ಯಾವ ಸ್ಟೆಂಟ್ ಹಾಕಿದ್ದಾರೆ, ಯಾವುದು ಪರದೇಶದ್ದು, ಯಾವುದು ನಮ್ಮಲ್ಲೇ ತಯಾರಾದದ್ದು, ಎಲ್ಲವನ್ನೂ ವಿಚಾರಿಸಿ ಮುಗಿಸಿದ್ದ. ಹಿಂದಿನ ಸೀಟಿನಲ್ಲಿ ಅಕ್ಕ ಭಾವನ ಅಂಗೈ ತಿಕ್ಕುತ್ತಿದ್ದಳು. ನಾನು ಮನಸ್ಸಿನಲ್ಲೇ ನಾಮಸ್ಮರಣೆ ಮಾಡುತ್ತಿದ್ದೆ. ಎಂದೂ ತಪ್ಪದ ಸಾಲುಗಳು ಅಂದು ನಡುನಡುವೆ ತಪ್ಪಿದವು.

ಮರುದಿನ ದಶಮಿಯ ಬೆಳಗ್ಗೆ ಮಣಿಕಟ್ಟಿನ ಮೂಲಕ ನಳಿಕೆ ಹಾಯಿಸಿ ಹೃದಯದ ನಾಳಗಳ ಚಿತ್ರ ತೆಗೆದರು. ಹೃದಯದ ವೈದ್ಯೆ ನಮ್ಮ ಸೀಮೆಯ ಕಡೆಯವರೇ ಇರಬೇಕು. ನಮ್ಮ ಮಾತೇ ಆಡಿದರು. ನನ್ನನ್ನೂ ಭಾವನ ತಮ್ಮನನ್ನೂ ಒಳಗೆ ಕರೆದು ಪರದೆಯ ಮುಂದೆ ನಿಲ್ಲಿಸಿದರು. ಹೃದಯದ ಮುಂಭಾಗಕ್ಕೆ ಇಳಿಯುವ ದೊಡ್ಡ ನಾಳ ಬೇಸಿಗೆಯ ಹಳ್ಳದಂತೆ ಒಂದೆಡೆ ಬತ್ತಿ ದಾರವಾಗಿತ್ತು.

"ಇಲ್ಲಿ ತನಕ ರಕ್ತ ಚಲೋ ಬರತೈತಿ ನೋಡ್ರಿ. ಇಲ್ಲಿಂದ ಮುಂದ ಕಷ್ಟ. ಬೈಪಾಸ್ ಬೇಕಾಗಿಲ್ಲ, ಒಂದು ಸ್ಟೆಂಟ್ ಸಾಕು. ಆದರ ಅಜ್ಜಾರಿಗೆ ಹಿಂದಕ್ಕ ಹೊಟ್ಟಿ ಹುಣ್ಣಿನಿಂದ ರಕ್ತ ಹೋಗಿತ್ತಂತ ಅಜ್ಜಿ ಹೇಳ್ಯಾರ. ರಕ್ತದ ರಿಪೋರ್ಟ್ ಬರಲಿ, ಮಧ್ಯಾಹ್ನ ಹಾಕೂಣು. ಅಷ್ಟರಾಗ ಯಾವ ಸ್ಟೆಂಟ್ ಅನ್ನೂದು ಮಾತಾಡೂಣು."

ಆಮೇಲೆ ಅವರು ಹೇಳಿದ್ದನ್ನು ನಾನು ಶಾಸ್ತ್ರಪಾಠ ಕೇಳುವ ಶ್ರದ್ಧೆಯಿಂದ ಕೇಳಿಸಿಕೊಂಡೆ. ಲೇಪವಿಲ್ಲದ ಬರೀ ಲೋಹದ ಜಾಲರಿಯನ್ನು ನಾಳದೊಳಗೆ ಅರಳಿಸಿದರೆ, ಗಾಯ ಮಾಯುವ ನೆವದಲ್ಲಿ ಒಳಗೋಡೆ ಅತಿಯಾಗಿ ಬೆಳೆದು ದಾರಿಯನ್ನು ಮತ್ತೆ ಮುಚ್ಚಬಹುದು. ಆ ಬೆಳವಣಿಗೆಯನ್ನು ತಡೆಯಲು ಔಷಧದ ಲೇಪ. ಔಷಧ ಲೋಹಕ್ಕೆ ಹಿಡಿದಿದ್ದು ನಿಧಾನವಾಗಿ ಬಿಡುಗಡೆಯಾಗಲು ಅಂಟಿನಂಥದೊಂದು ಪದರ. ಜಾತಿಭೇದ ಹುಟ್ಟುವುದು ಈ ಪದರದಲ್ಲಿ. ಕೆಲವು ಸ್ಟೆಂಟುಗಳಲ್ಲಿ ಪದರ ಕಡೆಯವರೆಗೂ ಲೋಹದ ಮೇಲೆಯೇ ಉಳಿಯುತ್ತದೆ. ಕೆಲವುಗಳಲ್ಲಿ ಔಷಧ ತೀರಿದ ಮೇಲೆ ಪದರವೂ ತಿಂಗಳುಗಳಲ್ಲಿ ಕರಗಿ, ಬರೀ ಲೋಹ ಉಳಿಯುತ್ತದೆ. ಪದರವೇ ಇಲ್ಲದೆ ಔಷಧವನ್ನು ನೇರವಾಗಿ ಲೋಹಕ್ಕೇ ಹಿಡಿಸಿದ ಬಗೆಯೂ ಉಂಟು. ಲೋಹವನ್ನೇ ಬಿಡದೆ, ಔಷಧ ಸವರಿದ ಬಲೂನನ್ನು ಉಬ್ಬಿಸಿ ಹೊರತೆಗೆಯುವ ಉಪಾಯವೂ ಇದೆ. ಅದು ಹೆಚ್ಚಾಗಿ ಸಣ್ಣ ನಾಳಗಳಿಗೆ, ಇಲ್ಲವೆ ಹಾಕಿದ ಸ್ಟೆಂಟು ಮತ್ತೆ ಮುಚ್ಚಿದಾಗ.

ತಮ್ಮನಿಗೆ ಇಷ್ಟು ಸಾಕಾಗಲಿಲ್ಲ. "ಕರಗೋದು ಚಲೋನೋ ಉಳಿಯೋದು ಚಲೋನೋ ಮ್ಯಾಡಂ? ಉಳಿಯೋದಂದ್ರ ಗಟ್ಟಿ ಮಾಲು ಅನಸ್ತದ ನನಗ. ಒಂದು ಕೈಯಾಗ ಹಿಡಿದು ನೋಡಬಹುದೇನು?"

"ಇದು ಕಡ್ಲಿ ಅಲ್ರಿ ಯಜಮಾನ್ರ, ಹಲ್ಲಾಗ ಕಡಿದು ನೋಡಾಕ." ವೈದ್ಯೆ ಮೆಲ್ಲಗೆ ನಕ್ಕರು. "ಮೊದಮೊದಲಿನ ಲೇಪ ಕೆಲವ್ರಿಗೆ ತ್ರಾಸ ಕೊಡತಿತ್ತು, ಖರೇ. ಈಗಿನವು ಎರಡೂ ಜಾತಿ ಚಲೋನ ಅದಾವು. ಒಂದಕ್ಕ ಇನ್ನೊಂದಕ್ಕ ಭಾಳ ಅಂತರ ಇಲ್ಲ. ಅಜ್ಜಾರಿಗೆ ಹೊಟ್ಟಿ ಹುಣ್ಣ ಇದ್ದದ್ದಕ್ಕ, ರಕ್ತ ತೆಳು ಮಾಡೂ ಎರಡೆರಡು ಗುಳಿಗಿ ಭಾಳ ದಿನ ಕೊಡಾಕ ನನಗ ಮನಸ್ಸಿಲ್ಲ. ಲಗೂ ಒಂದಕ್ಕ ಇಳಿಸಬೇಕು. ಸಣ್ಣ ತಂತೀದು, ಲೇಪ ಕರಗೂದು, ಅದನ್ನ ಹಾಕೂಣಂತ ನನ್ನ ವಿಚಾರ."

ನಾವು ಒಪ್ಪಿದೆವು. ಪೂರ್ವಪಕ್ಷವೆಲ್ಲ ಮುಗಿದು ಸಿದ್ಧಾಂತ ನಿಂತಿತೆಂದೇ ನಾನು ಭಾವಿಸಿದೆ. ಭಾವನ ಮಂಚದ ಬಳಿ ಹೋಗಿ ವೈದ್ಯೆ ಎಲ್ಲವನ್ನೂ ಮತ್ತೊಮ್ಮೆ ತಿಳಿಸಿ ಹೇಳಿದರು. ಹೊರಡುವ ಮುನ್ನ ಸಹಜವಾಗಿ ಕೇಳಿದರು.

"ಅಜ್ಜಾರ, ಬಿ.ಪಿ. ಗುಳಿಗಿ ದಿನಾ ತಪ್ಪದ ತಗೋತೀರಿಲ್ಲೊ?"

"ಏಕಾದಶಿ ಬಿಟ್ಟು ದಿನಾ ತಗೋತೀನ್ರಿ."

ವೈದ್ಯೆ ಹೊರಟವರು ನಿಂತರು. "ಏಕಾದಶಿ ಅಂದ್ರ ಒಂದ ದಿನ ಅಲ್ಲೇನ್ರಿ?"

"ದಶಮಿ ಮಧ್ಯಾಹ್ನದ ಊಟ ಆತು ಅಂದ್ರ, ದ್ವಾದಶಿ ಮುಂಜಾನೆ ಪಾರಣಿ ತನಕ ಬಾಯಾಗ ನೀರು ಸುದ್ದಾ ಇಲ್ಲ."

"ಮುಂದಿನ ಏಕಾದಶಿ ಯಾವಾಗ?"

"ನಾಳೆ."

ನಮ್ಮ ತಪ್ಪು ಆಗ ನಮ್ಮ ಕಣ್ಣಿಗೆ ಬಿತ್ತು. ಲೋಹ, ತಂತಿ, ಲೇಪ, ಪದರ ಎಲ್ಲವನ್ನೂ ಹೋಲಿಸಿ ನೋಡಿದ್ದೆವು. ಏಕಾದಶಿಯನ್ನು ಮಾತ್ರ ಯಾರೂ ತಕ್ಕಡಿಗೆ ಹಾಕಿರಲಿಲ್ಲ. ಮರೆತಿದ್ದೆವೆಂದಲ್ಲ. ಆ ಮನೆಯಲ್ಲಿ ಏಕಾದಶಿ ಉಸಿರಾಟದಂತೆ. ಅದರ ಪ್ರಸ್ತಾಪ ಮಾಡಬೇಕೆಂದು ಯಾರಿಗೂ ತೋಚುವುದಿಲ್ಲ. ಮಲಪ್ರಭೆ ಉಕ್ಕಿ ಹೊಲದ ತುಂಬ ನೀರು ನಿಂತ ದಿನವೂ ಭಾವ ಒಂದು ಗುಟುಕು ನೀರು ಮುಟ್ಟಿರಲಿಲ್ಲ. ಬೆಳೆ ಹೋದ ವರ್ಷಗಳುಂಟು, ಏಕಾದಶಿ ಹೋದದ್ದಿಲ್ಲ.

ವೈದ್ಯೆಯ ಧ್ವನಿಯಲ್ಲಿ ನಗೆ ಉಳಿದಿರಲಿಲ್ಲ. "ಸ್ಟೆಂಟ್ ಹಾಕಿದ ಮರುದಿನಾನ ಗುಳಿಗಿ ಬಿಟ್ರ ಯಾವ ಲೇಪಾನೂ ಕಾಯೂದಿಲ್ರಿ ಅಜ್ಜಾರ. ಹೊಸಾ ತಂತಿ ಮ್ಯಾಲೆ ರಕ್ತ ಹೆಪ್ಪುಗಟ್ಟಿದ್ರ, ಈಗ ದಾರದಂಗ ಹೋಗೂ ರಕ್ತಾನೂ ನಿಂತು ಹೋಗತೈತಿ. ಅದು ಜೀವಕ್ಕ ಬರೂ ಮಾತು. ತಪ್ಪದ ತಗೋತೀನಂತ ನೀವು ನನಗ ಬಾಯಿಬಿಟ್ಟು ಹೇಳಬೇಕು. ಆಮ್ಯಾಲೆ ನಾ ಕೈ ಹಚ್ಚತೀನಿ."

"ಗುಳಿಗಿ ಬೇಡದ ಸ್ಟೆಂಟ್ ಯಾವದರ ಅದ ಏನ್ರಿ?"

"ಇಲ್ರಿ. ಯಾವ ಜಾತೀದು ಹಾಕಿದ್ರೂ ಒಂದು ಗುಳಿಗಿ ಜೀವಮಾನ ಪೂರ್ತಿ."

ಭಾವ ಕಣ್ಣು ಮುಚ್ಚಿದರು. ವೈದ್ಯೆ ಸ್ವಲ್ಪ ಹೊತ್ತು ಕಾದು ಬೇರೆ ರೋಗಿಯ ಕಡೆ ನಡೆದರು.

"ಹೂಂ ಅನ್ನೋ ಅಣ್ಣಾ!" ಮಂಚದ ಕಂಬಿ ಹಿಡಿದು ತಮ್ಮ ಬಾಗಿದ. "ಒಂದು ಹೂಂ ಅನ್ನಲಿಕ್ಕೆ ನಿನಗೇನು ಕೂಲಿ ಕೊಡಬೇಕೇನು?"

"ಹೂಂ ಅಂದು ತಗೋಳಿಲ್ಲಂದ್ರ?"

"ಹೂಂ ಅಂದು ತಗೋ ಅಲಾ!"

ಭಾವ ನನ್ನ ಕಡೆ ತಿರುಗಿದರು. ಆ ಮನೆಯಲ್ಲಿ ಧರ್ಮಸಂದೇಹ ಬಂದಾಗ ನನ್ನನ್ನು ಕೇಳುವ ರೂಢಿ. ನಾನು ತಡವರಿಸದೆ ಹೇಳಿದೆ: ರೋಗಿಯಾದವನು ಔಷಧ ತೆಗೆದುಕೊಂಡರೆ ವ್ರತಕ್ಕೆ ಭಂಗವಿಲ್ಲವೆಂದು ಹಿರಿಯರು ಸ್ಪಷ್ಟವಾಗಿ ಹೇಳಿಟ್ಟಿದ್ದಾರೆ, ನೀರಿಗೂ ಆ ವಿನಾಯಿತಿ ಉಂಟು, ಇದರಲ್ಲಿ ಎರಡು ಮಾತಿಲ್ಲ.

"ನನಗೂ ಗೊತ್ತದ," ಎಂದರು ಭಾವ. ಉಸಿರು ಗಿಡ್ಡವಾಗಿತ್ತು. "ದೋಷ ಇಲ್ಲ ಅನ್ನೋದು ಬ್ಯಾರೆ. ವ್ರತ ಆತು ಅನ್ನೋದು ಬ್ಯಾರೆ. ಅಪ್ಪ ಹೋಗೋ ಮುಂದ ನಮ್ಮಿಬ್ಬರ ಕೈ ಹಿಡಕೊಂಡು ಏನಂದಾ? 'ಈ ಮನಿ ಗಂಡುಮಕ್ಕಳು ನಿರ್ಜಲ ಏಕಾದಶಿ ಬಿಡಬಾರದು' ಅಂದಾ. ಇಂವಾ ಅಂಗಡಿ ಚಾಲೂ ಮಾಡಿದ ವರ್ಷನ ಬಿಟ್ಟಾ. ಉಳಿದಾಂವ ನಾ ಒಬ್ಬ. ನಾನೂ ಬಿಟ್ಟೆ ಅಂದ್ರ ಆ ಮಾತು ನನ್ನ ಕೈಯಾಗ ಸತ್ತಂಗ."

ತಮ್ಮ ತಲೆ ತಗ್ಗಿಸಿದ. ಅಕ್ಕನಿಗೆ ಸಿಟ್ಟು ಬಂತು. "ನನಗ ಸಕ್ಕರಿ ರೋಗ ಬಂದಾಗ, 'ಏಕಾದಶಿ ಸಾಕು, ಅವಲಕ್ಕಿ ತಿನ್ನು, ದೇವರು ಬ್ಯಾಡ ಅನ್ನೂದಿಲ್ಲ' ಅಂತ ಬುದ್ಧಿ ಹೇಳಿದವರು ಯಾರ್ರಿ? ನನಗೊಂದು ದೇವರು, ನಿಮಗೊಂದು ದೇವರು ಇದ್ದಾನೇನು?"

ಭಾವನ ತುಟಿಯಲ್ಲಿ ನಗುವಿನಂಥದೊಂದು ಮೂಡಿ ಅಳಿಯಿತು. ಕಡೆಗೆ ಅವರೊಂದು ದಾರಿ ಕಂಡರು: ಏಕಾದಶಿಯಂದು ದೇವರ ತೀರ್ಥ ಒಂದು ಉದ್ಧರಣೆ ತೆಗೆದುಕೊಳ್ಳುವುದಿದ್ದೇ ಇದೆ, ಆ ಪುಟ್ಟ ಚಮಚೆಯ ತೀರ್ಥದಲ್ಲಿಯೇ ಗುಳಿಗೆ ನುಂಗುವುದು. ನಾನು ಓಡಿದಂತೆಯೇ ನಡೆದು ವೈದ್ಯೆಗೆ ತಿಳಿಸಿದೆ. ಅವರು ತಿರಸ್ಕಾರ ಮಾಡದೆ ಕೇಳಿಸಿಕೊಂಡರು; ಆದರೆ ತಲೆಯಾಡಿಸಿದರು.

"ಒಂದು ಚಮಚಾ ನೀರಾಗ ಗುಳಿಗಿ ಗಂಟಲದಾಗ ಅಂಟಿ ಕೂಡತೈತ್ರಿ. ಮೊದಲ ಹುಣ್ಣಾಗಿದ್ದ ಹೊಟ್ಟಿ. ಬರೀ ಹೊಟ್ಯಾಗ ಬಿದ್ರ ಮತ್ತ ರಕ್ತ. ಅರ್ಧ ಗ್ಲಾಸ್ ನೀರು ಬೇಕ ಬೇಕು. ಹೊಟ್ಟಿಗೆ ಸ್ವಲ್ಪ ಏನರ ಬೇಕು."

ತೀರ್ಥದ ದಾರಿಯೂ ಮುಚ್ಚಿತು. ನಾನು ಮರಳಿ ಬರುವಷ್ಟರಲ್ಲಿ ಮಂಚದ ಸುತ್ತ ದಾದಿಯರು ನೆರೆದಿದ್ದರು. ಮಂಚದ ತಲೆಯ ಬಳಿಯ ಯಂತ್ರ ಬೇರೆಯೇ ಗತಿಯಲ್ಲಿ ಕೂಗುತ್ತಿತ್ತು. ಭಾವನ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಎದೆಯ ಮೇಲಿನ ಚೀಲ ಮರಳಿ ಬಂದಿತ್ತು. ನನ್ನ ಹಿಂದೆಯೇ ವೈದ್ಯೆ ಧಾವಿಸಿ ಬಂದರು; ಪರದೆ ನೋಡಿದರು, ಸೂಜಿಯ ಮೂಲಕ ಏನನ್ನೋ ಕೊಡಿಸಿದರು.

"ಇನ್ನ ಕಾಯೂ ಹಂಗಿಲ್ಲ. ರಿಪೋರ್ಟ್ ಬಂದಾವು, ಒಳಗ ಎಲ್ಲಾ ತಯಾರೈತಿ. ಅಜ್ಜಾರ, ಹೇಳ್ರಿ. ನಾಳಿ ಗುಳಿಗಿ ತಗೋತೀರೋ ಇಲ್ಲೋ?"

ಭಾವ ಕಣ್ಣು ತೆರೆದು ನೋಡಿದರು. ಸುಳ್ಳಾಡಲು ಬಾರದವರ ಮೌನ ಅದೆಷ್ಟು ಭಯಂಕರವೆಂದು ಆ ಗಳಿಗೆಯಲ್ಲಿ ಕಂಡೆ. ಅಕ್ಕ ಅವರ ಪಾದ ಹಿಡಿದುಕೊಂಡಿದ್ದಳು. ನಾನು ಬಲ್ಲ ವಿನಾಯಿತಿಗಳನ್ನೇ ಮನಸ್ಸಿನಲ್ಲಿ ಮತ್ತೆ ಎಣಿಸುತ್ತಿದ್ದೆ.

ಅಷ್ಟರಲ್ಲಿ ತಮ್ಮ ಬಾಯಿ ತೆರೆದ. "ಆಚಾರ್ರ," ನನ್ನ ತೋಳು ಹಿಡಿದು ಅಲುಗಿಸಿದ. "ಒಬ್ಬರ ಉಪವಾಸ ಇನ್ನೊಬ್ಬರು ಮಾಡಲಿಕ್ಕೆ ಬರ್ತದೇನ್ರಿ? ಲಗೂ ಹೇಳ್ರಿ. ಬರ್ತದೋ ಇಲ್ಲೋ?"

ಬರುತ್ತದೆ. ಕೈಲಾಗದವನ ಪರವಾಗಿ ಹೆಂಡತಿ, ಮಗ, ಸೋದರ, ಸ್ನೇಹಿತರು ಪ್ರತಿನಿಧಿಯಾಗಿ ಉಪವಾಸವಿರಬಹುದೆಂದು ಶಾಸ್ತ್ರ ಒಪ್ಪುತ್ತದೆ. ಅದು ನನಗೆ ಗೊತ್ತಿದ್ದ ವಿಷಯವೇ. ಆದರೆ ನಾನು ಮೊದಲಿನಿಂದಲೂ ದೋಷವಿಲ್ಲವೆಂದು ಸಾಧಿಸುವುದರಲ್ಲೇ ತೊಡಗಿದ್ದೆ. ಭಾವ ದೋಷಕ್ಕೆ ಅಂಜಿದವರೇ ಆಗಿರಲಿಲ್ಲ. "ಬರ್ತದ," ಎಂದೆ. "ಒಡಹುಟ್ಟಿದಾಂವ ಮಾಡಿದ್ರ ಅಣ್ಣನ ವ್ರತಾನೂ ಪೂರ್ಣ, ಮಾಡಿದಾಂವಗೂ ಪುಣ್ಯ."

ತಮ್ಮ ಅಣ್ಣನ ಮುಖದ ಬಳಿ ಬಾಗಿದ. "ಕೇಳಿದ್ಯಾ? ಅಪ್ಪ ನನ್ನ ಕೈನೂ ಹಿಡಿದಿದ್ದಾ. ನಾಳೆಯಿಂದ ನಿನ್ನ ಏಕಾದಶಿ ನಂದು. ನೀ ಗುಳಿಗಿ ತಗೋ, ನೀರು ಕುಡಿ. ನಿರ್ಜಲ ನಾ ಇರತೀನಿ."

ಭಾವನ ಕಣ್ಣುಗಳು ಅಗಲವಾದವು. ನೋವಿನ ನಡುವೆಯೂ ಅಪನಂಬಿಕೆ ಅಡಗಲಿಲ್ಲ. "ನೀನಾ? ತಾಸಿಗೊಮ್ಮೆ ಚಹಾ ಕುಡಿಯಾಂವ."

"ಕುಡಿಯಾಂವ." ಹೌದೆಂದವನು ನನ್ನತ್ತ ತಿರುಗಿದ. "ನಿರ್ಜಲ ಅಂದ್ರ ಚಹಾನೂ ಇಲ್ಲೇನ್ರಿ ಆಚಾರ್ರ?"

"ಇಲ್ಲ."

"ಇಲ್ಲಂದ್ರ ಇಲ್ಲ." ಅವನ ಕಣ್ಣಲ್ಲಿ ನೀರಿತ್ತು, ಧ್ವನಿಯಲ್ಲಿರಲಿಲ್ಲ. "ಆಣಿ ಮಾಡ್ಲೇನು? ವೈನಿ ಮುಂದ ಮಾಡ್ಲೇನು?" ಎಂದು ಅಕ್ಕನತ್ತ ತಿರುಗಿದ.

"ಆಣಿ ಬ್ಯಾಡ." ಭಾವ ನಳಿಕೆಗಳಿದ್ದ ಕೈಯನ್ನು ಕಷ್ಟಪಟ್ಟು ಎತ್ತಿ ತಮ್ಮನ ಮಣಿಕಟ್ಟು ಹಿಡಿದರು. ಆಮೇಲೆ ವೈದ್ಯೆಯ ಕಡೆ ನೋಡಿ ಒಂದೊಂದೇ ಮಾತು ಬಿಡಿಸಿ ಹೇಳಿದರು. "ತಗೋತೀನ್ರಿ. ನಾಳೆನೂ ತಗೋತೀನಿ. ಒಂದು ದಿನಾನೂ ತಪ್ಪಸೂದಿಲ್ಲ."

"ಸಾಕ್ರಿ," ಎಂದರು ವೈದ್ಯೆ. ಮಂಚದ ಗಾಲಿಗಳು ಅದಾಗಲೇ ಉರುಳತೊಡಗಿದ್ದವು.

ಬಾಗಿಲು ಮುಚ್ಚಿತು. ಅದರ ಮೇಲಿನ ಕೆಂಪು ದೀಪವನ್ನೇ ನೋಡುತ್ತ ನಾವು ಮೂವರೂ ನಿಂತೆವು. ಕುಳಿತುಕೊಳ್ಳಲು ಆಸನಗಳಿದ್ದವು, ಯಾರೂ ಕುಳಿತುಕೊಳ್ಳಲಿಲ್ಲ. ದಾದಿಯೊಬ್ಬಳು ಅವಸರದಿಂದ ಹೊರಬಂದು ಏನನ್ನೋ ತೆಗೆದುಕೊಂಡು ಒಳಗೆ ಹೋದಳು. ಅಕ್ಕ ಅವಳ ಮುಖದಲ್ಲಿ ಸುದ್ದಿ ಹುಡುಕಿದಳು, ಸಿಗಲಿಲ್ಲ. ಬತ್ತಿದ ಹಳ್ಳದ ಹೊಟ್ಟೆಯೊಳಗೆ ಕೂದಲಿನಂಥ ತಂತಿಯೊಂದು ದಾರಿ ಹುಡುಕುತ್ತಿರುವುದನ್ನು ನಾನು ಮನಸ್ಸಿನಲ್ಲಿ ಕಾಣಲೆತ್ನಿಸಿದೆ, ಕಾಣಲಂಜಿ ಬಿಟ್ಟುಬಿಟ್ಟೆ. ತಮ್ಮ ಒಮ್ಮೆ ಮಾತ್ರ ಕೇಳಿದ: "ಕರಗೋ ಜಾತೀದ ಹಾಕತಾರಲ್ರಿ?" ನಾನು ಹೂಂ ಎಂದೆ. ಅವನಿಗೆ ಅದರ ಉತ್ತರ ಬೇಕಿರಲಿಲ್ಲ, ಒಂದು ಮನುಷ್ಯಧ್ವನಿ ಬೇಕಿತ್ತು.

ವೈದ್ಯೆ ಹೊರಬಂದಾಗ ಮುಖದ ಮುಸುಕು ಇಳಿಸಿದ್ದರು. ನಾಳ ತೆರೆದಿದೆ, ಸ್ಟೆಂಟು ಗೋಡೆಗೆ ಚೆನ್ನಾಗಿ ಕುಳಿತಿದೆ, ನೋವು ನಿಂತಿದೆ ಎಂದರು. ಅಕ್ಕ ಅಲ್ಲಿಯೇ ನೆಲದ ಮೇಲೆ ಕುಳಿತಳು. ತಮ್ಮ ಗೋಡೆಗೆ ಹಣೆ ಹಚ್ಚಿ ನಿಂತ.

ಆದರೆ ನಮ್ಮ ಭಯ ಅಲ್ಲಿಗೇ ತೀರಲಿಲ್ಲ. ಕೊಟ್ಟ ಮಾತು ನಿಲ್ಲಬೇಕಾದದ್ದು ಮರುದಿನ. ಏಕಾದಶಿಯ ಬೆಳಗ್ಗೆ ದಾದಿ ಒಂದು ಬಟ್ಟಲಲ್ಲಿ ಗಂಜಿ, ಗುಳಿಗೆಗಳು, ಒಂದು ಲೋಟ ನೀರು ತಂದಿಟ್ಟಳು. ಭಾವ ಬಹಳ ಹೊತ್ತು ಆ ಲೋಟವನ್ನೇ ನೋಡಿದರು. ಎರಡು ಬಾರಿ ಲೋಟ ತುಟಿಯವರೆಗೆ ಬಂದು ಕೆಳಗಿಳಿಯಿತು. ಬಾಗಿಲಲ್ಲಿ ತಮ್ಮ ನಿಂತಿದ್ದ. ಹಿಂದಿನ ಮಧ್ಯಾಹ್ನದಿಂದ ಹನಿ ನೀರು ಮುಟ್ಟದೆ ಅವನ ತುಟಿ ಒಣಗಿತ್ತು. ಭಾವ ಆ ತುಟಿಯನ್ನು ನೋಡಿದರು. ಗಂಜಿ ಉಂಡರು, ಗುಳಿಗೆಗಳನ್ನು ಬಾಯಿಗಿಟ್ಟು ಅರ್ಧ ಲೋಟ ನೀರನ್ನು ನಿಧಾನವಾಗಿ, ಪೂರ್ತಿಯಾಗಿ ಕುಡಿದರು.

ಇಳಿಹೊತ್ತಿಗೆ ತಮ್ಮನಿಗೆ ತಲೆಶೂಲೆ. ಚಹಾ ಮಾರುವವನು ಅವನೆದುರು ಬಂದು ನಿಂತಾಗ, "ಮುಂದಕ್ಕ ಹೋಗಪಾ, ಪುಣ್ಯಾ ಕಟ್ಟಿಕೋ" ಎಂದು ಗೋಗರೆದ. ಒಳಗೆ ಬಂದು ಅಣ್ಣನಿಗೆ ದೂರು ಹೇಳಿದ: "ಇಷ್ಟು ವರ್ಷ ಇದನ್ನ ಹ್ಯಾಂಗ ಮಾಡಿದ್ಯೋ ಮಾರಾಯಾ? ಸ್ಟೆಂಟ್ ಹಾಕಿಸಿಕೊಳ್ಳೋದ ಸಸಾರ."

ಭಾವ ನಕ್ಕರು. ನವಮಿಯ ಬೆಳಗಿನ ತರುವಾಯ ಅವರ ನಗೆಯ ಸದ್ದು ಕೇಳಿದ್ದು ಅದೇ ಮೊದಲು.

ಕೆಲವು ತಿಂಗಳ ಮೇಲೆ ವೈದ್ಯೆ ಎರಡು ಗುಳಿಗೆಗಳಲ್ಲಿ ಒಂದನ್ನು ನಿಲ್ಲಿಸಿದರು. ಇನ್ನೊಂದು ದಿನನಿತ್ಯವೂ ಸಾಗಿದೆ. ಏಕಾದಶಿಯಂದು ನರಗುಂದದ ಅಂಗಡಿಯಲ್ಲಿ ಬೆಳಗಿನಿಂದ ಚಹಾ ಬರುವುದಿಲ್ಲ. ಅಂದು ಯಜಮಾನನ ಜೊತೆ ದರದ ಚೌಕಾಶಿ ಬೇಡವೆಂದು ಹಮಾಲರು ಗಿರಾಕಿಗಳಿಗೆ ಮೊದಲೇ ಎಚ್ಚರಿಕೆ ಹೇಳುತ್ತಾರಂತೆ.

ದಾರಿ ಕಾಣದ ನಾಳದಲ್ಲಿ ದಾರಿ ತೆರೆದ ಆ ವೈದ್ಯೆಯ ಕೈಗೆ ಎಂದೂ ನಡುಕ ಬಾರದಿರಲಿ. ಮಂಚ ತಳ್ಳಿದವರ, ಗಂಜಿ ತಂದವರ, ಯಂತ್ರದ ಕೂಗಿಗೆ ಓಡಿಬಂದವರ ಮನೆಗಳಲ್ಲಿ ಆರೋಗ್ಯ ನೆಲೆಸಲಿ. ಲೇಪ ಕರಗುವುದೋ ಉಳಿಯುವುದೋ, ಯಾವ ಜಾತಿಯ ಸ್ಟೆಂಟನ್ನಾದರೂ ಎದೆಯಲ್ಲಿ ಹೊತ್ತು ನಡೆಯುವ ಎಲ್ಲರ ನಾಳಗಳಲ್ಲಿ ರಕ್ತ ಸುಗಮವಾಗಿ ಹರಿಯಲಿ, ಅವರ ಗುಳಿಗೆ ತಪ್ಪದಿರಲಿ. ಪಾದ ಹಿಡಿದು ಕುಳಿತ ಅಕ್ಕನ ಮುತ್ತೈದೆತನ ಸ್ಥಿರವಾಗಿರಲಿ. ಅಣ್ಣನ ಬಾಯಾರಿಕೆಯನ್ನು ತನ್ನ ಗಂಟಲಿಗೆ ತೆಗೆದುಕೊಂಡ ಆ ತಮ್ಮನಿಗೆ ಶ್ರೀಹರಿ ದೀರ್ಘಾಯುಷ್ಯವನ್ನೂ, ಪ್ರತಿ ದ್ವಾದಶಿಯ ಬೆಳಗ್ಗೆ ಪಾರಣೆಯಾದೊಡನೆ ಒಂದು ಲೋಟ ಬಿಸಿ ಚಹಾವನ್ನೂ ಕರುಣಿಸಲಿ.